ಪ್ರತಿಸ್ಪರ್ಧಿಗಳ ಫೀಚರ್ ಹೋಲಿಕೆ ದುಡ್ಡು ಕೊಟ್ಟು ತರಿಸುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ದಾವಣಗೆರೆ, ಶಿರಸಿ ಕಡೆಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿರುವವರಿಗೆ ಇದು. "ನಿಮ್ಮ ಪ್ರತಿಸ್ಪರ್ಧಿಗಳ ಮೇಲೆ ನಾವು ಕಣ್ಣಿಟ್ಟಿರ್ತೀವಿ, ತಿಂಗಳಿಗೊಂದು ವರದಿ ಕೊಡ್ತೀವಿ" ಅಂತ ಯಾರಾದರೂ ಫೋನ್ ಮಾಡಿದರೆ ವರ್ಷದ ದುಡ್ಡು ಮೊದಲೇ ಕೊಟ್ಟುಬಿಡಬೇಡಿ. ನಮ್ಮ ಕಂಪನಿ ಕೊಟ್ಟಿತು. ಒಂದಿಡೀ ಸುಗ್ಗಿ ಕೈತಪ್ಪಿತು.

ನಮ್ಮದು ಅಡಿಕೆ ಮಂಡಿಗಳ ಲೆಕ್ಕದ ಆ್ಯಪ್. ರೈತ ತಂದ ಚೀಲ, ತೂಕ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬ ವಿಂಗಡಣೆ, ಹಮಾಲಿ, ಕೊನೆಗೆ ಪಟ್ಟಿ, ಅಂದರೆ ರೈತನ ಕೈಗೆ ಕೊಡುವ ಲೆಕ್ಕದ ಚೀಟಿ. ಇದೇ ಕೆಲಸದ ಬೇರೆ ಆ್ಯಪ್‌ಗಳೂ ಇವೆ. ಏಜೆನ್ಸಿಯವರು ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಕೂರಿಸಿ, ಇದ್ದಲ್ಲಿ ಹಸಿರು ಟಿಕ್, ಇಲ್ಲದಲ್ಲಿ ಕೆಂಪು ಕಾಟು ಹಾಕಿ ಕಳಿಸಿದರು. ನೋಡೋಕೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೀಟಿಂಗ್‌ನಲ್ಲಿ ಪರದೆ ಮೇಲೆ ಹಾಕಿದ ಕೂಡಲೇ ಯಜಮಾನರ ಕಣ್ಣು ಒಂದೇ ಕಡೆ ನಿಂತಿತು: ಒಂದು ಆ್ಯಪ್‌ನ ಕಾಲಂನಲ್ಲಿ 'ಆಫ್‌ಲೈನ್ ಬಿಲ್ಲಿಂಗ್' ಎದುರು ಹಸಿರು ಟಿಕ್.

ತೀರ್ಥಹಳ್ಳಿ, ಹೊಸನಗರ ಕಡೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ, ಹಾಗಾಗಿ ಅದು ನಮ್ಮ ನೋವಿನ ಜಾಗವೇ. ಇದ್ದ ಹುಡುಗರನ್ನೆಲ್ಲ ಆಫ್‌ಲೈನ್ ಕೆಲಸಕ್ಕೆ ಹಾಕಿದರು. ಅರ್ಧಕ್ಕೆ ನಿಂತಿದ್ದು ಮುಂಗಡದ ಬಡ್ಡಿ ಲೆಕ್ಕ. ಮಂಡಿ ವ್ಯವಹಾರ ಬಲ್ಲವರಿಗೆ ಅದೆಷ್ಟು ದೊಡ್ಡದು ಅಂತ ಗೊತ್ತು: ಬೆಳೆಗೆ ಮುಂಚೆ ರೈತನಿಗೆ ಹಣ ಕೊಟ್ಟು, ಅಡಿಕೆ ಬಂದಾಗ ಅಸಲು ಬಡ್ಡಿ ಎರಡನ್ನೂ ಪಟ್ಟಿಯಲ್ಲಿ ಮುರಿದುಕೊಳ್ಳೋದು. ನಮ್ಮ ಗಿರಾಕಿಗಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಕೊಯ್ಲು ಶುರುವಾದ ಮೇಲೆ ತೀರ್ಥಹಳ್ಳಿಯ ಒಂದು ಮಂಡಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರು ಆ ಇನ್ನೊಂದು ಆ್ಯಪ್ಪನ್ನೇ ಬಳಸುತ್ತಿದ್ದರು. ನೆಟ್ ಆಫ್ ಮಾಡಿ ತೋರಿಸಿ ಅಂದೆ. "ಹಳೇ ಪಟ್ಟಿ ನೋಡ್ಬಹುದು ಅಷ್ಟೇ ಮಾರಾಯ್ರೆ. ಹೊಸದು ಬರೆಯೋಕೆ ಹೋದ್ರೆ ಚಕ್ರ ತಿರುಗ್ತಾ ಕೂರುತ್ತೆ," ಅಂದರು. ಹಳೆಯದನ್ನು ತೋರಿಸುವುದು ಸಣ್ಣ ಕೆಲಸ. ನೆಟ್ ಇಲ್ಲದೆ ಬರೆಸಿಕೊಂಡು, ನೆಟ್ ಬಂದಾಗ ಸರ್ವರ್‌ಗೆ ಸೇರಿಸಿ, ಎರಡು ಫೋನಿನಲ್ಲಿ ಒಂದೇ ಪಟ್ಟಿ ನಂಬರ್ ಬಿದ್ದಿದ್ದರೆ ಸರಿಪಡಿಸುವುದು ತಿಂಗಳುಗಟ್ಟಲೆಯ ಕೆಲಸ. ಟಿಕ್ ಮಾತ್ರ ಎರಡಕ್ಕೂ ಒಂದೇ.

ಏಜೆನ್ಸಿಗೆ ಕೇಳಿದರೆ, ಆ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಗೆ ಬರೆದಿತ್ತು ಅಂದರು. ತೆಗೆದು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಶೀಘ್ರದಲ್ಲೇ' ಅಂತಲೂ ಇತ್ತು! ಬೆಲೆಯ ಸಾಲೂ ಅಷ್ಟೇ. ತಿಂಗಳ ದರ ಅಂತ ಹಾಕಿದ್ದು ಪೂರ್ತಿ ವರ್ಷದ್ದು ಒಟ್ಟಿಗೆ ಕಟ್ಟಿದವರಿಗೆ ಮಾತ್ರ ಸಿಗೋ ದರ, ಅದರ ಮೇಲೆ ಬೀಳುವ 18% ಜಿಎಸ್‌ಟಿ ಬೇರೆ. ಹಣ ವಾಪಸ್ ಕೇಳಿದ್ದಕ್ಕೆ ಕರಾರಿನ ಒಂದು ಸಾಲು ತೋರಿಸಿದರು: ಮಾಹಿತಿ ತಪ್ಪಿದ್ದರೆ ಅವರು ಹೊಣೆಯಲ್ಲವಂತೆ.

ಅವರು 'ಟ್ರ್ಯಾಕಿಂಗ್' ಅನ್ನುತ್ತಿದ್ದದ್ದು ಪ್ಲೇ ಸ್ಟೋರ್‌ನಲ್ಲಿ ಹೊಸ ಆವೃತ್ತಿಯ ಜೊತೆ ಬರುವ ಟಿಪ್ಪಣಿ ಓದುವುದನ್ನು. ಅದಕ್ಕಿರುವ ಜಾಗವೇ 500 ಅಕ್ಷರ, ಬಹಳಷ್ಟು ಕಂಪನಿಗಳು ಅಲ್ಲಿ 'ಸಣ್ಣಪುಟ್ಟ ದೋಷ ಸರಿಪಡಿಸಿದ್ದೇವೆ' ಅಂತ ಬರೆದು ಕೈತೊಳೆದುಕೊಳ್ಳುತ್ತವೆ. ಹೊಸ ಆವೃತ್ತಿಯನ್ನು ಮೊದಲು ಶೇಕಡಾ ಇಷ್ಟು ಜನಕ್ಕೆ ಮಾತ್ರ ಬಿಡುವ ಸೌಲಭ್ಯವೂ ಅಲ್ಲಿದೆ. ನಿಮ್ಮ ಫೋನಿನಲ್ಲಿ ಇಲ್ಲದ ಫೀಚರ್ ಪಕ್ಕದವರ ಫೋನಿನಲ್ಲಿರಬಹುದು. ಸರ್ವರ್ ಕಡೆಯಿಂದಲೇ ಆನ್ ಮಾಡಿದ ಫೀಚರ್‌ಗಂತೂ ಅಪ್‌ಡೇಟ್ ಕೂಡ ಬೇಕಿಲ್ಲ.

ಆದ್ದರಿಂದ ಯಾರಾದರೂ ಇಂಥ ವರದಿ ಮಾರಲು ಬಂದರೆ ಪ್ರತಿ ಟಿಕ್‌ಗೂ ನೋಡಿದ ದಿನಾಂಕ, ಆ್ಯಪ್‌ನ ಆವೃತ್ತಿ, ಯಾವ ಪ್ಲಾನ್, ಸ್ಕ್ರೀನ್‌ಶಾಟ್ ಕೇಳಿ. ಒಳಗೆ ಹೋಗಿ ನೋಡಿದ್ದೇವೆ ಅಂದರೆ ಯಾರ ಹೆಸರಿನ ಖಾತೆ ಅಂತಲೂ ಕೇಳಿ, ಇಲ್ಲದ ಮಂಡಿಯ ಹೆಸರಲ್ಲಿ ಖಾತೆ ತೆರೆದಿದ್ದರೆ ನಾಳೆ ತಕರಾರು ನಿಮ್ಮ ಬಾಗಿಲಿಗೇ ಬರುತ್ತೆ. ಬೆಲೆ ಹೇಗೆ ಬದಲಾಗಿದೆ ಅಂತ ತಿಳಿಯಲು, ವೆಬ್‌ಸೈಟ್‌ಗಳ ಹಳೆಯ ಪ್ರತಿಗಳನ್ನು ಕೂಡಿಡುವ ತಾಣವಾದ ವೇಬ್ಯಾಕ್ ಮೆಷೀನ್‌ನಲ್ಲಿ ಹಳೆಯ ಪುಟಗಳು ಎಷ್ಟೋ ಸಲ ಬಿಟ್ಟಿಯಾಗಿ ಸಿಗುತ್ತವೆ.

ಎಲ್ಲಕ್ಕಿಂತ ಮೊದಲು, ಸ್ಯಾಂಪಲ್ ವರದಿಯಲ್ಲಿ ನಿಮ್ಮದೇ ಆ್ಯಪ್‌ಗೂ ಒಂದು ಕಾಲಂ ಹಾಕಿಸಿ. ಅದರ ನಿಜ ನಿಮಗೆ ಗೊತ್ತಿರುತ್ತೆ. ನಮ್ಮ ಕರಾರು ಇನ್ನೂ ಮುಗಿದಿಲ್ಲ, ವರದಿ ಬರುತ್ತಲೇ ಇದೆ. ಹೋದ ಸಲ ನಮ್ಮನ್ನೂ ಸೇರಿಸಿದ್ದರು. ಮೊದಲ ಪರದೆಯಿಂದ ಪಟ್ಟಿಯ ಪ್ರಿಂಟ್‌ವರೆಗೆ ಕನ್ನಡದಲ್ಲೇ ಇರುವ ನಮ್ಮ ಆ್ಯಪ್‌ನ ಎದುರು, 'ಕನ್ನಡ' ಅನ್ನೋ ಸಾಲಿನಲ್ಲಿ ಕೆಂಪು ಕಾಟು.