ಬಡಾವಣೆಯ ಶಕ್ತಿ ಲೆಕ್ಕ: ವರ್ಷಕ್ಕೊಮ್ಮೆಯೋ, 15 ನಿಮಿಷಕ್ಕೊಮ್ಮೆಯೋ?

ಬಡಾವಣೆಯೊಂದು ತಾನು ಬಳಸುವಷ್ಟು ಶಕ್ತಿಯನ್ನು ತಾನೇ ಉತ್ಪಾದಿಸುತ್ತದೆಯೇ? ಅಳೆಯಲು ಮುಖ್ಯವಾಗಿ ಮೂರು ದಾರಿ: ವಾರ್ಷಿಕ ನಿವ್ವಳ (ವರ್ಷದ ಒಟ್ಟು ಉತ್ಪಾದನೆ, ಬಳಕೆಗಳ ವ್ಯತ್ಯಾಸ), 15 ನಿಮಿಷದ ಲೆಕ್ಕ (ಅದೇ ವ್ಯತ್ಯಾಸ ಪ್ರತಿ 15 ನಿಮಿಷಕ್ಕೆ), ಮೂಲಶಕ್ತಿ ಲೆಕ್ಕ (ಮನೆಗೆ ಶಕ್ತಿ ತಲುಪಿಸಲು ಮೂಲದಲ್ಲಿ ಎಷ್ಟು ಖರ್ಚಾಯಿತು ಎಂಬುದು).

ಖರ್ಚು ನೋಡಿದರೆ ವಾರ್ಷಿಕವೇ ಅಗ್ಗ. ಗ್ರಿಡ್ ಸೇರುವಲ್ಲಿ ಒಳಬಂದ, ಹೊರಹೋದ ವಿದ್ಯುತ್ ಎರಡನ್ನೂ ಅಳೆಯುವ ದ್ವಿಮುಖ ಮೀಟರ್, ಸೌರಫಲಕಗಳಿಗೆ ಉತ್ಪಾದನಾ ಮೀಟರ್ ಸಾಕು. ಎರಡನೆಯದನ್ನು ಉಳಿತಾಯವೆಂದು ಬಿಡಬೇಡಿ. ಸ್ಥಳದಲ್ಲೇ ಖರ್ಚಾದ ಸೌರವಿದ್ಯುತ್ ದ್ವಿಮುಖ ಮೀಟರಿಗೆ ಕಾಣದು. ನಿವ್ವಳ ಸರಿ ಬಂದರೂ ಒಟ್ಟು ಬಳಕೆ ಕಡಿಮೆ ತೋರುತ್ತದೆ.

ನಿಖರತೆಯಲ್ಲಿ 15 ನಿಮಿಷದ್ದು ಮುಂದು. ವಾರ್ಷಿಕ ಲೆಕ್ಕದಲ್ಲಿ ಮಧ್ಯಾಹ್ನದ ಹೆಚ್ಚುವರಿ ರಾತ್ರಿಯ ಕೊರತೆಯನ್ನು ಕಾಗದದ ಮೇಲೆ ತುಂಬಿಬಿಡುತ್ತದೆ, ಇಲ್ಲಿ ಆ ಆಟ ನಡೆಯದು. ಆದರೆ ಮೀಟರಿಗೆ ವರ್ಷಕ್ಕೆ 35,040 ದಾಖಲೆ. ಮೀಟರುಗಳ ಗಡಿಯಾರಗಳು ಹೊಂದದಿದ್ದರೆ ಇಲ್ಲದ ಕೊರತೆಯೂ ಹುಟ್ಟುತ್ತದೆ.

ಒಂದೇ ಸ್ಥಾವರದಿಂದ ಕೊಳವೆಗಳಲ್ಲಿ ಮನೆಮನೆಗೆ ಬಿಸಿ ತಲುಪಿಸುವ ಶಾಖದ ಜಾಲವಿದ್ದರೆ ಕಥೆ ಬೇರೆ. ಜರ್ಮನಿಯ ಫ್ರೈಬುರ್ಗ್‌ನ ಸೌರವಸತಿಯ 59 ಮನೆಗಳಿಗೆ ಪಕ್ಕದ ವೌಬಾನ್ ಬಡಾವಣೆಯ ಮರದ ಚೂರು ಉರಿಸುವ ಸ್ಥಾವರದಿಂದ ಶಾಖ ಬರುತ್ತದೆ. ವಿದ್ಯುತ್ ಯೂನಿಟ್‌ಗೂ ಶಾಖದ ಯೂನಿಟ್‌ಗೂ ಒಂದೇ ತಕ್ಕಡಿ ಸಲ್ಲದು. ಮೂಲಶಕ್ತಿ ಲೆಕ್ಕ ಬೇಕಾಗುವುದು ಇಲ್ಲೇ: ಪ್ರತಿ ಯೂನಿಟ್ಟನ್ನೂ ಒಂದು ಗುಣಕದಿಂದ, ಅಂದರೆ ಅದನ್ನು ತಲುಪಿಸಲು ಮೂಲದಲ್ಲಿ ಖರ್ಚಾಗುವ ನವೀಕರಿಸಲಾಗದ ಶಕ್ತಿಯ ಪ್ರಮಾಣದಿಂದ, ಗುಣಿಸಬೇಕು. ಜರ್ಮನ್ ಕಾನೂನಿನಲ್ಲಿ ಗ್ರಿಡ್ ವಿದ್ಯುತ್ತಿನ ಗುಣಕ 1.8, ಮರಕ್ಕೆ 0.2. ಗುಣಕ ಬದಲಾದರೆ ಫಲಿತಾಂಶವೇ ತಿರುಗಬಹುದು, ಅದನ್ನು ವರದಿಯಲ್ಲಿ ಬರೆದಿಡಿ. ಶಾಖಮಾಪಕದಲ್ಲಿ 1 ಘನ ಮೀಟರ್ ನೀರು 10 ಡಿಗ್ರಿ ತಣಿದರೆ ಸುಮಾರು 11.6 ಯೂನಿಟ್, ಬರುವ, ಹೋಗುವ ನೀರಿನ ಉಷ್ಣತೆ ಅಳೆಯುವ ಸೆನ್ಸರ್ ಜೋಡಿಯಲ್ಲಿ 1 ಡಿಗ್ರಿ ತಪ್ಪಿದರೆ ಶೇ. 10 ಹೋಯಿತು.

ಬೆಂಗಳೂರಿನಂಥ, ಕೋಣೆ ಬಿಸಿಮಾಡುವ ಅಗತ್ಯವಿಲ್ಲದ ಕಡೆ ಮೊದಲ ವರ್ಷಕ್ಕೆ ವಾರ್ಷಿಕ ಸಾಕು. ಬ್ಯಾಟರಿ ಗಾತ್ರ ನಿರ್ಧರಿಸಬೇಕಿದ್ದರೆ 15 ನಿಮಿಷದ್ದೇ ಬೇಕು. ಅನಿಲ, ಮರ, ವಿದ್ಯುತ್ ಬೆರೆತಲ್ಲಿ ಮೂಲಶಕ್ತಿ.