ಒಂದು ವರ್ಷ ಬಳಸಿದ ಬಿಪಿ ಮಿಷಿನ್: ಪಟ್ಟಿಯ ಅಳತೆ ಯಾರೂ ಹೇಳಲಿಲ್ಲ

ಕಳೆದ ಡಿಸೆಂಬರ್ ಕೊನೆಯಲ್ಲಿ ಕೊಂಡದ್ದು, ಇವತ್ತಿಗೆ ಹೆಚ್ಚುಕಡಿಮೆ ಹನ್ನೆರಡು ತಿಂಗಳು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ಅಂಕಿ ತೋರಿಸುವ ಮಾಮೂಲಿ ಬಿಪಿ ಮಿಷಿನ್. ಪರದೆ ಎಷ್ಟು ದೊಡ್ಡದು, ಎಷ್ಟು ಅಂಕಿ ನೆನಪಿಟ್ಟುಕೊಳ್ಳುತ್ತದೆ ಎಂಬುದೆಲ್ಲ ಡಬ್ಬದ ಮೇಲೇ ಇದೆ, ನೀವೂ ನೋಡಿರುತ್ತೀರಿ. ನಾನು ಬರೆಯಲು ಕೂತದ್ದು ಡಬ್ಬದ ಮೇಲೆ ಕಣ್ಣಿಗೆ ಬೀಳುವ ಹಾಗೆ ಬರೆಯದ ಒಂದು ಸಂಗತಿಯ ಸಲುವಾಗಿ. ಅದರ ದೆಸೆಯಿಂದ ನನ್ನ ಈ ವರ್ಷದ ಮೊದಲ ಏಳು ತಿಂಗಳು ಆತಂಕದಲ್ಲೇ ಹೋದವು.

ನನಗೆ ಐವತ್ತೆರಡು. ಎರಡು ವರ್ಷದಿಂದ ಬಿಪಿಗೆ ದಿನಕ್ಕೊಂದು ಮಾತ್ರೆ. ಕ್ಲಿನಿಕ್ಕಿನಲ್ಲಿ ನೋಡಿದಾಗಲೆಲ್ಲ 150ರ ಆಸುಪಾಸು ಬರುತ್ತಿತ್ತು. ಡಾಕ್ಟರು, "ಇಲ್ಲಿ ಬಂದಾಗ ಗಾಬರಿಗೆ ಏರುತ್ತೆ ಅನಿಸುತ್ತೆ. ಮನೇಲಿ ಒಂದು ವಾರ ನೋಡಿ ಬರ್ಕೊಂಡು ಬನ್ನಿ" ಅಂದರು. ಡಾಕ್ಟರ ಎದುರು ಮಾತ್ರ ಏರುವ ಬಿಪಿ ಬಹಳ ಜನಕ್ಕಿದೆ. ಅದಕ್ಕೇ ಕ್ಲಿನಿಕ್ಕಿನಲ್ಲಿ 140/90 ಗಡಿಯಾದರೆ ಮನೆಯ ಅಂಕಿಗೆ 135/85 ಗಡಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷದ ಬಿಡುವು. ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು, ಉಳಿದದ್ದರ ಸರಾಸರಿ ತೆಗೆಯಬೇಕು. ಇಷ್ಟನ್ನು ಡಾಕ್ಟರೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ನನ್ನ ಮೊದಲ ವಾರದ ಸರಾಸರಿ 139/88.

ಗಡಿಗಿಂತ ನಾಲ್ಕು ಅಂಕಿ ಮೇಲೆ, ಅಷ್ಟೇ. ಆದರೆ ಅಲ್ಲಿಂದ ನನಗೆ ಮಿಷಿನ್ನಿನ ಗೀಳು ಹತ್ತಿತು. ಸರಿಯಾಗಿ ಬರಲಿಲ್ಲ ಅನಿಸಿದರೆ ಇನ್ನೊಮ್ಮೆ, ಅದೂ ಹೆಚ್ಚಿದ್ದರೆ ಮತ್ತೊಮ್ಮೆ. ಐದು ನಿಮಿಷದೊಳಗೆ 146, 138, 141, 133 ಬಂದ ದಿನವಿದೆ. ಯಾವುದನ್ನು ನಂಬಬೇಕೋ ತಿಳಿಯದೆ ನಾಲ್ಕನ್ನೂ ಬರೆದು ಕೂತಿದ್ದೇನೆ. ರಾತ್ರಿ ನಿದ್ದೆ ಬಾರದೆ ಎದ್ದು ಬಿಪಿ ನೋಡುವುದು, ನೋಡಿದ ಅಂಕಿಯಿಂದ ಮತ್ತೆ ನಿದ್ದೆ ಬಾರದಿರುವುದು. ರಕ್ತದೊತ್ತಡ ಒಂದು ಕಡೆ ನಿಲ್ಲುವ ವಸ್ತುವಲ್ಲ, ಒಂದೊಂದು ಬಡಿತಕ್ಕೂ ಬದಲಾಗುತ್ತದೆ, ಅದಕ್ಕೇ ಸರಾಸರಿ ಕೇಳುವುದು ಎಂದು ಈಗ ಗೊತ್ತು. ಫೆಬ್ರವರಿಯಲ್ಲಿ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ನಾನು ಬರೆದು ಒಯ್ದ ಅಂಕಿಯನ್ನೇ ನೋಡಿ ಹೆಚ್ಚಿಸಿದ್ದು, ಅವರ ತಪ್ಪಿಲ್ಲ. ಆಮೇಲೆ ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರಲು ಶುರುವಾಯಿತು. ನೆಲ ಒರೆಸಿ ಎದ್ದರೆ ಗೋಡೆ ಹಿಡಿಯಬೇಕು. ಮೆಟ್ಟಿಲ ಮೇಲೆ ಒಮ್ಮೆ ಕಾಲು ತಪ್ಪಿ ಮಂಡಿ ಊದಿತು, ಆ ನೋವು ಇವತ್ತಿಗೂ ಪೂರ್ತಿ ಹೋಗಿಲ್ಲ. ಬಿಪಿ ಇಳಿದಿರಬೇಕು ಎಂದು ಮಿಷಿನ್ ಹಚ್ಚಿದರೆ ಅದು 131, 132 ತೋರಿಸುತ್ತಿತ್ತು. ಇಷ್ಟಿದ್ದೂ ತಲೆ ತಿರುಗಿದರೆ ಬೇರೆ ಯಾವುದೋ ದೊಡ್ಡ ಕಾಯಿಲೆಯೇ ಇರಬೇಕು ಅಂದುಕೊಂಡು ರಕ್ತಪರೀಕ್ಷೆ, ಕಿವಿ ಪರೀಕ್ಷೆ, ಕುತ್ತಿಗೆಯ ಎಕ್ಸ್‌ರೇ ಎಲ್ಲ ಮಾಡಿಸಿದೆ. ಎಲ್ಲ ಸರಿಯಿತ್ತು. ಸರಿಯಿದೆ ಎಂದಷ್ಟೂ ಭಯ ಹೆಚ್ಚುತ್ತಿತ್ತು.

ಜುಲೈಯಲ್ಲಿ ಮಿಷಿನ್ನನ್ನೇ ಕ್ಲಿನಿಕ್ಕಿಗೆ ಒಯ್ದೆ, ಅಲ್ಲಿಯದರ ಜೊತೆ ತಾಳೆ ನೋಡೋಣವೆಂದು. ಅಲ್ಲಿಗೆ ಹೊಸದಾಗಿ ಬಂದಿದ್ದ ನರ್ಸ್ ಗುಂಡಿ ಒತ್ತುವ ಮೊದಲೇ ನನ್ನ ತೋಳನ್ನು ನೋಡಿದಳು, ಪಟ್ಟಿಯ ಅಂಚನ್ನು ತಿರುಗಿಸಿ ನೋಡಿದಳು. ಮೇಜಿನ ಖಾನೆಯಿಂದ ಟೇಪು ತೆಗೆದು ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ಸುತ್ತಿ ಅಳೆದಳು. 35 ಸೆಂಟಿಮೀಟರ್. "ಈ ಪಟ್ಟಿ 22ರಿಂದ 32ರವರೆಗಿನ ತೋಳಿಗೆ ಮೇಡಂ. ನಿಮಗೆ ಇದು ಸಣ್ಣದು. ಸಣ್ಣ ಪಟ್ಟಿ ಹಾಕಿದ್ರೆ ಬಿಪಿ ಜಾಸ್ತಿ ತೋರಿಸುತ್ತೆ." ದೊಡ್ಡ ಪಟ್ಟಿ ಹಾಕಿ ನೋಡಿದಳು. 124.

ಪಟ್ಟಿಯ ಒಳಮಗ್ಗುಲಲ್ಲಿ, ಹೊಲಿಗೆಯ ಪಕ್ಕ, ಉಗುರಿನಗಲದ ಅಕ್ಷರದಲ್ಲಿ 22–32 ಎಂದು ಅಚ್ಚಾಗಿತ್ತು. ಏಳು ತಿಂಗಳು, ದಿನಕ್ಕೆ ನಾಲ್ಕಾರು ಸಲ ಅದೇ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೇನೆ. ಡಬ್ಬದ ಮೇಲೆ ನಗುವ ಕುಟುಂಬದ ಚಿತ್ರಕ್ಕೆ ಅರ್ಧ ಜಾಗ ಕೊಟ್ಟವರು "ಮೊದಲು ತೋಳು ಅಳೆದುಕೊಳ್ಳಿ" ಎಂಬ ಮೂರು ಪದಕ್ಕೆ ಜಾಗ ಕೊಡಲಿಲ್ಲವಲ್ಲ ಎಂದು ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಚಪ್ಪಲಿ ಕೊಳ್ಳುವಾಗ ಅಳತೆ ಕೇಳುತ್ತಾರೆ. ಮಾತ್ರೆಯ ಪ್ರಮಾಣ ತೀರ್ಮಾನಿಸುವ ಯಂತ್ರಕ್ಕೆ ಯಾರೂ ಕೇಳಲಿಲ್ಲ.

ಯಾಕೆ ಹೀಗಾಗುತ್ತದೆ ಎಂದು ಆಮೇಲೆ ಓದಿಕೊಂಡೆ. ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯರು 1896ರಲ್ಲಿ ತೋಳಿಗೆ ಪಟ್ಟಿ ಸುತ್ತಿ ಪಾದರಸದ ಕಂಬದಿಂದ ಒತ್ತಡ ಅಳೆದರು. ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಅದಕ್ಕೆ ಸ್ಟೆತಸ್ಕೋಪ್ ಸೇರಿಸಿದರು. ನಮ್ಮ ಮಿಷಿನ್ನಿನಲ್ಲಿ ಪಾದರಸವೂ ಇಲ್ಲ, ಅದು ಏನನ್ನೂ ಕೇಳಿಸಿಕೊಳ್ಳುವುದೂ ಇಲ್ಲ. ನಾಡಿಯ ಮಿಡಿತದಿಂದ ಪಟ್ಟಿಯೊಳಗಿನ ಗಾಳಿಯಲ್ಲಿ ಏಳುವ ಸಣ್ಣ ನಡುಕವನ್ನು ಹಿಡಿದು ಮೇಲಿನ ಮತ್ತು ಕೆಳಗಿನ ಅಂಕಿಯನ್ನು ಲೆಕ್ಕ ಹಾಕುತ್ತದೆ. ಅಂದರೆ ಅದಕ್ಕೆ ಗೊತ್ತಿರುವುದು ಪಟ್ಟಿಯೊಂದೇ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ನೂರಕ್ಕೆ 80ರಷ್ಟನ್ನಾದರೂ ಬಳಸಬೇಕು. ಚಿಕ್ಕದಾದರೆ ಒತ್ತಡ ರಕ್ತನಾಳದವರೆಗೆ ಸರಿಯಾಗಿ ಮುಟ್ಟುವುದಿಲ್ಲ, ನಾಳವನ್ನು ಅದುಮಲು ಹೆಚ್ಚು ಗಾಳಿ ಬೇಕು, ಆ ಹೆಚ್ಚಿನ ಗಾಳಿಯನ್ನೇ ಮಿಷಿನ್ ನಮ್ಮ ಬಿಪಿ ಎಂದು ತೋರಿಸುತ್ತದೆ. ಅಮೆರಿಕದಲ್ಲಿ 195 ಜನರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಹಾಕಿದಾಗ ಮೇಲಿನ ಅಂಕಿ ಸರಾಸರಿ 4.8 ಹೆಚ್ಚು ಬಂತು. ಅದಕ್ಕೂ ದೊಡ್ಡ ಪಟ್ಟಿ ಬೇಕಾದವರಿಗೆ 19.5 ಹೆಚ್ಚು. ಗಡಿಯಲ್ಲಿ ನಿಂತಿದ್ದ ನನ್ನಂಥವಳಿಗೆ ನಾಲ್ಕೈದು ಅಂಕಿಯೇ ಸಾಕಿತ್ತು.

ಎಲ್ಲ ತಪ್ಪೂ ಪಟ್ಟಿಯದಲ್ಲ ಅನ್ನುವುದನ್ನೂ ಹೇಳಬೇಕು. ನಾನು ಮಂಚದ ಅಂಚಿಗೆ ಕೂತು, ಕಾಲ ಮೇಲೆ ಕಾಲು ಹಾಕಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಪಟ್ಟಿ ಎದೆಯ ಮಟ್ಟಕ್ಕಿಂತ ಒಂದು ಇಂಚು ಕೆಳಗಿದ್ದರೂ ಸುಮಾರು 2 ಅಂಕಿ ಏರುತ್ತದಂತೆ. ಈಗ ಬೆನ್ನಿಗೆ ಒರಗು ಇರುವ ಕುರ್ಚಿ, ಮೇಜಿನ ಮೇಲೆ ಮಡಿಸಿದ ಎರಡು ಹೊದಿಕೆ, ಅದರ ಮೇಲೆ ಕೈ. ಹೊಸ ಪಟ್ಟಿಯನ್ನು ಬೇರೆಯಾಗಿ ತರಿಸಬೇಕಾಯಿತು, ಮಿಷಿನ್ನಿನ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚೇ ಆಯಿತು. ತಿಂಗಳ ಖರ್ಚನ್ನು ಲೆಕ್ಕವಿಟ್ಟು ಮಾಡುವ ಮನೆಗೆ ಇದು ಸಣ್ಣ ಮಾತಲ್ಲ, ಮೊದಲೇ ಗೊತ್ತಿದ್ದರೆ ದೊಡ್ಡ ಪಟ್ಟಿಯ ಜೊತೆಗೇ ಬರುವುದನ್ನು ಕೊಳ್ಳುತ್ತಿದ್ದೆ. ಆ ಪಟ್ಟಿಯಲ್ಲಿ ಮತ್ತೆ ಏಳು ದಿನ ಬರೆದೆ: 121/74. ಡಾಕ್ಟರು ಮಾತ್ರೆಯನ್ನು ಹಳೆಯ ಪ್ರಮಾಣಕ್ಕೆ ಇಳಿಸಿದರು. ಎರಡು ವಾರದಲ್ಲಿ ತಲೆತಿರುಗು ನಿಂತಿತು. ಆಗಸ್ಟಿನ ಸರಾಸರಿ 129/80.

ನಾನು ಅಷ್ಟು ದಿನ ಮೋಸಹೋದದ್ದಕ್ಕೆ ಇನ್ನೊಂದು ಕಾರಣ ಅಮ್ಮ. ಎಪ್ಪತ್ತೆಂಟರ ಅಮ್ಮ ನನ್ನ ಜೊತೆಗೇ ಇದ್ದಾಳೆ, ಇದೇ ಮಿಷಿನ್ನಿನ ಎರಡನೇ ಗುಂಡಿ ಅವಳದು. ಅವಳ ತೋಳು 23 ಸೆಂಟಿಮೀಟರ್. ಜೊತೆಗೆ ಬಂದ ಪಟ್ಟಿ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು, ಕ್ಲಿನಿಕ್ಕಿನ ಅಂಕಿಗೂ ಮನೆಯ ಅಂಕಿಗೂ ಸರಿಹೋಗುತ್ತಿತ್ತು. ಅಮ್ಮನಿಗೆ ಸರಿ ತೋರಿಸುವ ಮಿಷಿನ್ ನನಗೆ ಯಾಕೆ ತಪ್ಪು ತೋರಿಸೀತು ಅಂದುಕೊಂಡಿದ್ದೆ. ದೊಡ್ಡ ಪಟ್ಟಿ ಬಂದ ಮೇಲೆ ಒಂದು ಬೆಳಿಗ್ಗೆ ಅವಸರದಲ್ಲಿ ಅದನ್ನೇ ಅಮ್ಮನಿಗೆ ಸುತ್ತಿಬಿಟ್ಟೆ. 108 ಬಂತು. ಎದೆ ಧಸಕ್ಕೆಂದಿತು. ಪಟ್ಟಿ ದೊಡ್ಡದಾದರೆ ಕಡಿಮೆ ತೋರಿಸುತ್ತದೆ ಎಂಬುದು ಆಗ ನೆನಪಾಗಿ ಅವಳದನ್ನು ಹಾಕಿ ನೋಡಿದರೆ 126. ಆವತ್ತೇ ಅಮ್ಮನ ಪಟ್ಟಿಗೆ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿದೆ.

ಈ ಮಿಷಿನ್ ಕೊಟ್ಟದ್ದರಲ್ಲಿ ನಾನು ಎಣಿಸದೇ ಇದ್ದದ್ದು ಬೆಳಗಿನ ಆ ಹೊತ್ತು. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು, ಮಾತಾಡಬಾರದು. ಆರು ಮುಕ್ಕಾಲಿಗೆ ಇಬ್ಬರೂ ಮೂತ್ರಕ್ಕೆ ಹೋಗಿ ಬಂದು, ಮಾತ್ರೆಗೆ ಮೊದಲು, ಕಿಟಕಿಯ ಪಕ್ಕದ ಎರಡು ಕುರ್ಚಿಯಲ್ಲಿ ಕೂರುತ್ತೇವೆ. ನಾನು ಅಮ್ಮನ ರವಿಕೆಯ ತೋಳು ಸರಿಸಿ ಪಟ್ಟಿ ಸುತ್ತುತ್ತೇನೆ, ಒಂದೆರಡು ಬೆರಳು ತೂರುವಷ್ಟು ಬಿಗಿ. ಅವಳ ತೋಳಿನ ಚರ್ಮ ಇಷ್ಟು ತೆಳುವಾಗಿದೆ ಎಂದು ನಾನು ಕಂಡದ್ದು ಹೀಗೆ ಸುತ್ತುವಾಗಲೇ. ಒಂದೇ ಮನೆಯಲ್ಲಿದ್ದೂ ಎಷ್ಟೋ ವರ್ಷದಿಂದ ನಾನು ಅವಳನ್ನು ಮುಟ್ಟಿ ಕೂತಿರಲಿಲ್ಲ.

ಮಾತಾಡದೆ ಇರುವುದು ಅಮ್ಮನಿಗೆ ಕಷ್ಟ. ಗಾಳಿ ತುಂಬುತ್ತಿರುವಾಗಲೇ ಏನೋ ನೆನಪಾಗುತ್ತದೆ.

"ಮಾತಾಡಿದ್ರೆ ಜಾಸ್ತಿ ಬರುತ್ತಮ್ಮ."

"ಮಾತಾಡ್ದೆ ಕೂತ್ರೆ ನಂಗೆ ಜಾಸ್ತಿ ಆಗತ್ತೆ ಕಣೇ."

ಪಟ್ಟಿ ಸಡಿಲವಾದ ಸದ್ದು ಬಂದ ಕೂಡಲೇ "ಎಷ್ಟು ಬಂತೇ?" ಎನ್ನುತ್ತಾಳೆ. ಹಿಂದೆಲ್ಲ ಡಾಕ್ಟರು ಗಾಳಿ ಹೊಡೆಯುವಾಗ ಪಾದರಸ ಏರಿ ಇಳಿಯುವುದನ್ನು ತಾನೂ ನೋಡುತ್ತ ಕೂರುತ್ತಿದ್ದೆ ಎಂದು ಹೇಳುತ್ತಾಳೆ. ಆಮೇಲೆ ಕುರ್ಚಿ ಬದಲಿಸುತ್ತೇವೆ. ನನ್ನ ಸರದಿಯಲ್ಲಿ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕಾಯುತ್ತಾಳೆ, ನನ್ನ ಅಂಕಿ ಏರಬಾರದೆಂದು.

ಇನ್ನೊಂದು ದೂರು ಬೇಗ ಹೇಳಿಬಿಡುತ್ತೇನೆ. ಸೆಲ್ ಬದಲಿಸಿದರೆ ದಿನಾಂಕ, ಗಂಟೆ ಎರಡೂ ಹೋಗುತ್ತವೆ. ಅಕ್ಟೋಬರಿನಲ್ಲಿ ಹಾಗಾಗಿ ಹನ್ನೆರಡು ದಿನದ ಅಂಕಿಗಳೆಲ್ಲ ಜನವರಿ ತಾರೀಖಿನಲ್ಲಿ ಕೂತಿವೆ. ನೋಟುಪುಸ್ತಕದಲ್ಲಿ ಬರೆಯುತ್ತಿರಲಿಲ್ಲವಾದರೆ ಗೋಜಲಾಗುತ್ತಿತ್ತು. ನೀವು ಯಾವ ಕಂಪನಿಯದು ಕೊಂಡರೂ ಒಂದು ನೋಟುಪುಸ್ತಕವಿಡಿ, ಅಂಕಿಯ ಪಕ್ಕದಲ್ಲಿ ಎರಡು ಪದಕ್ಕೆ ಜಾಗ ಬಿಡಿ.

ಈ ವಾರ ಅದನ್ನೇ ಮೊದಲಿಂದ ಓದುತ್ತಿದ್ದೇನೆ. ಆ ಎರಡು ಪದದ ಕಾಲಮ್ಮಿನಲ್ಲಿ ನನ್ನ ವರ್ಷವೆಲ್ಲ ಇದೆ. "ನಿದ್ದೆ ಇಲ್ಲ" ಅಂತ ಫೆಬ್ರವರಿಯಲ್ಲಿ ಹದಿನೇಳು ಸಲ. "ಗೋಡೆ ಹಿಡಿದೆ." "ಮಂಡಿ." "ಮಗಳ ಫೋನು, ಅತ್ತೆ." ಅದರ ಎದುರಿನ 152ನ್ನು ನೋಡಿ ಆ ದಿನ ಪಾರ್ಶ್ವವಾಯುವೇ ಬಂತು ಅಂದುಕೊಂಡಿದ್ದೆ. ಜೂನಿನಲ್ಲಿ ಒಂದು ಪುಟದ ತುಂಬ ಅಂಕಿ ಮಾತ್ರ, ಪದಗಳೇ ಇಲ್ಲ. ಆಗಸ್ಟಿನಿಂದ ಅಂಕಿಗಳು ದಿನಕ್ಕೆ ನಾಲ್ಕಕ್ಕೆ ಇಳಿದಿವೆ, ಸೆಪ್ಟೆಂಬರಿನಿಂದ ಡಾಕ್ಟರನ್ನು ಕಾಣುವ ಮುಂಚಿನ ವಾರ ಬಿಟ್ಟರೆ ಬೆಳಿಗ್ಗೆ ಮಾತ್ರ. ಪದಗಳು ಹೆಚ್ಚಿವೆ: "ಅಮ್ಮ ಹಾಡಿದಳು." "ಮಳೆ, ಬೇಗ ಎಚ್ಚರ." ಈ ತಿಂಗಳು ಇಬ್ಬರದ್ದೂ ಮೂರು ನಾಲ್ಕು ಅಂಕಿ ಏರಿದೆ. ಚಳಿಗೆ ರಕ್ತನಾಳ ಬಿಗಿಯುವುದರಿಂದ ಚಳಿಗಾಲದಲ್ಲಿ ಹೀಗೆ ಏರುವುದುಂಟು. ಸರಾಸರಿ ಗಡಿಯೊಳಗೇ ಇದೆ. ಡಾಕ್ಟರಿಗೆ ತೋರಿಸಿದ್ದೇನೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಜುಲೈಯಲ್ಲಿ ಬರೆದಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ಕೊಳ್ಳುವವರು ಮನೆಯಲ್ಲಿ ಯಾರು ಯಾರಿಗೆ ಬಳಸುತ್ತೀರೋ ಅವರೆಲ್ಲರ ತೋಳನ್ನು ಹೊಲಿಗೆಯ ಟೇಪಿನಲ್ಲಿ ಅಳೆದು ಬರೆದುಕೊಂಡೇ ಹೋಗಿ, ಅಂಗಡಿಯವರು "ಎಲ್ಲರಿಗೂ ಆಗುತ್ತೆ" ಅಂದರೆ ಪಟ್ಟಿಯ ಅಂಚನ್ನು ತಿರುಗಿಸಿ ಓದಿ. ಅಮ್ಮನ ಪಟ್ಟಿಯ ವೆಲ್ಕ್ರೋ ಈಗ ಸವೆದಿದೆ, ಗಾಳಿ ತುಂಬುವಾಗ ಚರ್ರೆಂದು ಬಿಟ್ಟುಕೊಳ್ಳುತ್ತದೆ. ಜನವರಿಯಲ್ಲಿ ಹೊಸದು ತರಿಸಬೇಕು, ಅಳತೆ 22–32. ಕೆಂಪು ದಾರ ತೆಗೆದಿಟ್ಟಿದ್ದೇನೆ.