ಐದು ತಟ್ಟೆಯ ಕರೆಂಟ್ ಡ್ರೈಯರ್: ನಾಯಿಯ ಒಣ ತಿನಿಸಿಗೆ ಎಷ್ಟರಮಟ್ಟಿಗೆ ಸರಿ?

ಮಾಳಿಗೆ ಮೇಲೆ ಸಂಡಿಗೆ, ಹಪ್ಪಳ, ಬಾಳಕ ಒಣಗಿಸುವ ಬಳ್ಳಾರಿಯಲ್ಲಿ ಒಣಗಿಸೋಕೆ ಮಷೀನು ಯಾಕೆ ಅಂತ ಯಾರಾದರೂ ಕೇಳುತ್ತಾರೆ. ಏಪ್ರಿಲ್‌ನಲ್ಲಾದರೆ ನ್ಯಾಯವಾದ ಪ್ರಶ್ನೆ. ದಸರಾದಿಂದ ದೀಪಾವಳಿವರೆಗೆ ಮಾತ್ರ ಬಿಸಿಲನ್ನು ನಂಬುವಂತಿಲ್ಲ. ಹಿಂಗಾರು ಮೋಡ ಯಾವ ಮಧ್ಯಾಹ್ನ ಕವಿಯುತ್ತದೋ ಗೊತ್ತಾಗದು, ರಾತ್ರಿ ಗಾಳಿಯಲ್ಲಿ ತೇವ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಇದರ ಮೇಲೆ ಅದಿರಿನ ಕೆಂಪು ಧೂಳು ಬೇರೆ. ಗೆಣಸು, ಕುಂಬಳ ಅಗ್ಗವಾಗಿ ಸಿಗುವುದೂ ಇದೇ ಹೊತ್ತಿನಲ್ಲಿ.

ಇಲ್ಲಿ ಹೇಳುತ್ತಿರುವುದು ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುವ ಒಂದೇ ಜಾತಿಯ ಡ್ರೈಯರ್ ಬಗ್ಗೆ: ದುಂಡನೆಯ ಐದು ಪ್ಲಾಸ್ಟಿಕ್ ತಟ್ಟೆ, ಕೆಳಗೆ ಫ್ಯಾನು, 250 ವ್ಯಾಟ್, 35ರಿಂದ 70 ಡಿಗ್ರಿವರೆಗೆ ತಿರುಗಿಸುವ ಗುಂಡಿ. ಬೆಲೆ ಮೂರರಿಂದ ಐದು ಸಾವಿರ. ಗೆಣಸು, ಕುಂಬಳ, ಗಜ್ಜರಿಗೆ ಕಣ್ಣು ಮುಚ್ಚಿ ಕೊಳ್ಳಬಹುದು. ಕೋಳಿ ಮಾಂಸಕ್ಕೂ ನಡೆಯುತ್ತದೆ, ಆದರೆ ಮೊದಲು ಬೇಯಿಸಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ. ಹಸಿ ಮಾಂಸ ಹರವಿ ಗುಂಡಿ ತಿರುಗಿಸಿ ಮಲಗುವ ಆಲೋಚನೆ ಇದ್ದರೆ ಬೇಡ.

ಇದರ ದೊಡ್ಡ ಕೊರತೆ ಫ್ಯಾನು ಕೂತಿರುವ ಜಾಗ. ಗಾಳಿ ಕೆಳಗಿನಿಂದ ಬರುವುದರಿಂದ ತಳದ ತಟ್ಟೆ ಒಣಗಿ ಗರಿಗರಿಯಾದಾಗಲೂ ಮೇಲಿನದು ಹಸಿಯಾಗಿಯೇ ಇರುತ್ತದೆ. ಎರಡು ಗಂಟೆಗೊಮ್ಮೆ ತಟ್ಟೆಗಳನ್ನು ಮೇಲೆ ಕೆಳಗೆ ಮಾಡಲೇಬೇಕು. ಗುಂಡಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು 65 ತೋರಿಸುವಾಗ ಮೇಲಿನ ತಟ್ಟೆಯಲ್ಲಿ ಅಷ್ಟು ಬಿಸಿ ಇರುವುದಿಲ್ಲ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದು ಜೊತೆಗಿರಲಿ, ಮಾಂಸಕ್ಕಂತೂ ಅದಿಲ್ಲದೆ ಆಗದು. ಅಗ್ಗದ ಮಾದರಿಗಳಲ್ಲಿ ಟೈಮರ್ ಇರುವುದಿಲ್ಲ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು.

ಗೆಣಸಿಗೆ ಈ ಮಷೀನು ಹೇಳಿ ಮಾಡಿಸಿದಂತಿದೆ. ಐದು ತಟ್ಟೆಗೆ ಸರಿಯಾಗಿ ಒಂದು ಕೆ.ಜಿ. ಹಿಡಿಯುತ್ತದೆ. ಮಣ್ಣು ಹೋಗುವಂತೆ ತಿಕ್ಕಿ ತೊಳೆದು, ಸಿಪ್ಪೆ ತೆಗೆದು, ಉದ್ದಕ್ಕೆ 5 ಮಿ.ಮೀ. ದಪ್ಪದ ಹೋಳು ಮಾಡಿ. ಇಡ್ಲಿ ಪಾತ್ರೆಯಲ್ಲಿ ಹಬೆ ಬಂದ ಮೇಲೆ ಆರೇಳು ನಿಮಿಷ ಬೇಯಿಸಿ, ಬಾಗಬೇಕು, ಮುರಿಯಬಾರದು. ಬೇಯಿಸದೆ ಇಟ್ಟರೆ ಹೋಳು ಕಪ್ಪಾಗುತ್ತದೆ, ನಾಯಿಗೆ ಅರಗುವುದೂ ಕಷ್ಟ. ಬಟ್ಟೆಯಲ್ಲಿ ನೀರು ಒರೆಸಿ, ಒಂದರ ಮೇಲೊಂದು ಬೀಳದಂತೆ ಹರವಿ 60 ಡಿಗ್ರಿಯಲ್ಲಿ ಏಳರಿಂದ ಒಂಬತ್ತು ಗಂಟೆ ಬಿಡಿ. ಅಂಚು ತಾಕಿದ ಕಡೆ ತೇವ ಉಳಿದು, ಬೂಷ್ಟು ಮೊದಲು ಅಲ್ಲೇ ಹಿಡಿಯುತ್ತದೆ. ಬೇಗ ಆಗಲೆಂದು ಮೊದಲಿನಿಂದಲೇ 70ಕ್ಕೆ ತಿರುಗಿಸಿದರೆ ಹೊರಗೆ ತೊಗಲಿನಂತೆ ಗಟ್ಟಿಯಾಗಿ ಒಳಗಿನ ನೀರು ಹೊರಬರಲು ದಾರಿಯೇ ಇರುವುದಿಲ್ಲ. ಕೈಗೆ ಒಣಗಿದಂತೆ ಅನ್ನಿಸಿದರೂ ನಾಲ್ಕನೇ ದಿನಕ್ಕೆ ಬೂಷ್ಟು ಬರುತ್ತದೆ. ಒಂದು ಕೆ.ಜಿ.ಗೆ 250 ಗ್ರಾಂ ಆಸುಪಾಸು ಸಿಗುತ್ತದೆ.

ಸಿಹಿಗುಂಬಳದ ಲೆಕ್ಕ ಬೇರೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಹೋಳು ಮಾಡಿ ಒಣಗಿಸಿದರೆ ಕೆ.ಜಿ.ಗೆ ನೂರು ಗ್ರಾಂ ಕೂಡ ಉಳಿಯದು, ಉಳಿದದ್ದೂ ಕಾಗದದಂತೆ ತಟ್ಟೆಗೆ ಅಂಟುತ್ತದೆ. ಬೇಯಿಸಿ ಮಸೆದ ಅರ್ಧ ಕೆ.ಜಿ. ಕುಂಬಳಕ್ಕೆ 100 ಗ್ರಾಂ ಬಿಳಿಜೋಳದ ಹಿಟ್ಟು ಹಾಕಿ, ಒಲೆಯ ಮೇಲೇ ಮುದ್ದೆ ತಿರುವಿದಂತೆ ಐದಾರು ನಿಮಿಷ ತಿರುವಿ. ಹಿಟ್ಟು ಬೇಯುವುದು ಈ ಹಂತದಲ್ಲೇ, 60 ಡಿಗ್ರಿ ಗಾಳಿಯಲ್ಲಿ ಬೇಯುವುದಿಲ್ಲ. ಬೆಣ್ಣೆ ಕಾಗದದ ಮೇಲೆ 4 ಮಿ.ಮೀ. ದಪ್ಪಕ್ಕೆ ತಟ್ಟಿ ಚಾಕುವಿನಲ್ಲಿ ಚೌಕ ಗೀರಿ. ಕಾಗದವನ್ನು ತಟ್ಟೆಗಿಂತ ಎರಡು ಬೆರಳು ಸಣ್ಣದಾಗಿ ಕತ್ತರಿಸಿ, ನಡುವಿನ ತೂತು ಬಿಡಿಸಿ. ಇಲ್ಲದಿದ್ದರೆ ಮೇಲಿನ ತಟ್ಟೆಗಳಿಗೆ ಗಾಳಿಯೇ ಹೋಗದು. ನಾಲ್ಕು ಗಂಟೆ ಬಿಟ್ಟು ಮಗುಚಿ, ಕಾಗದ ತೆಗೆದು ಇನ್ನೊಂದು ನಾಲ್ಕು ಗಂಟೆ. ಸಜ್ಜೆ ಹಿಟ್ಟು ಬೇಡ, ಅದರ ಎಣ್ಣೆಯಂಶಕ್ಕೆ ಬೇಗ ಕಮಟು ಬರುತ್ತದೆ. ಆಯುಧಪೂಜೆಗೆ ಒಡೆದ ಬೂದುಗುಂಬಳವನ್ನು ನಾಯಿ ಬೀದಿಯಲ್ಲಿ ಮೂಸದಂತೆಯೂ ನೋಡಿಕೊಳ್ಳಿ. ಅದರೊಳಗೆ ಕುಂಕುಮ, ಚಿಲ್ಲರೆ ಕಾಸು, ಕೆಲವೊಮ್ಮೆ ಸುಣ್ಣವೂ ಇರುತ್ತದೆ.

ಇದೇ ಸೀಸನ್ನಿನ ಸೀತಾಫಲ ಈ ಕೆಲಸಕ್ಕೆ ಆಗುವುದಿಲ್ಲ. ಬೀಜ ವಿಷಕಾರಿ, ತಿರುಳು ಒಣಗುವ ಬದಲು ಪಾಕವಾಗಿ ಜಾಳಿಗೆಗೆ ಹಿಡಿದುಕೊಳ್ಳುತ್ತದೆ. ಸೇಬು ಹಾಕಬಹುದು, ಬೀಜ ಮತ್ತು ನಡುವಿನ ದಿಂಡು ತೆಗೆದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಹತ್ತಿರವೂ ಬರಬಾರದು. ಉಪ್ಪು, ಬೆಲ್ಲ, ಖಾರ ಯಾವುದೂ ಬೇಡ.

ಕೋಳಿಯ ವಿಷಯದಲ್ಲಿ ಮಾತ್ರ ಸಲಿಗೆ ಇಲ್ಲ. ಹಸಿ ಮಾಂಸದಿಂದ ನೀರು ಆವಿಯಾಗುತ್ತಿರುವಷ್ಟು ಹೊತ್ತು ಅದು ತಣ್ಣಗೇ ಇರುತ್ತದೆ, ಸುತ್ತಲಿನ ಗಾಳಿ 65 ಡಿಗ್ರಿ ಇದ್ದರೂ ಸರಿಯೇ. ಅಷ್ಟರಲ್ಲಿ ಒಣಗಿದ ಬ್ಯಾಕ್ಟೀರಿಯಾ ಬಿಸಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಮೊದಲು ಬೇಯಿಸಬೇಕು, ಆಮೇಲೆ ಒಣಗಿಸಬೇಕು. ಚರ್ಮ, ಕೊಬ್ಬು ತೆಗೆದ ಎದೆ ಮಾಂಸವನ್ನು ಫ್ರೀಜರ್‌ನಲ್ಲಿ ಒಂದೂವರೆ ಗಂಟೆ ಇಟ್ಟರೆ 5 ಮಿ.ಮೀ. ಹೋಳು ಸಲೀಸಾಗಿ ಬರುತ್ತದೆ. ಎಳೆಗೆ ಅಡ್ಡ ಕೊಯ್ದರೆ ಮುರಿಯುವಂತೆ, ಎಳೆಯ ಉದ್ದಕ್ಕೆ ಕೊಯ್ದರೆ ಜಗಿಯುವಂತೆ ಆಗುತ್ತದೆ. ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿ ದಪ್ಪ ಹೋಳಿಗೆ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ಡ್ರೈಯರನ್ನು ಮೊದಲೇ ಬಿಸಿ ಮಾಡಿಟ್ಟು, 60ರಿಂದ 65 ಡಿಗ್ರಿಯಲ್ಲಿ ಐದರಿಂದ ಏಳು ಗಂಟೆ ಒಣಗಿಸಿ. ಮಡಿಸಿದಾಗ ಬಿರುಕು ಬಿಟ್ಟು ಬಿಳಿ ಎಳೆ ಕಾಣಬೇಕು, ಒತ್ತಿದರೆ ಜಿನುಗಬಾರದು. ಉಳಿದ ಕೊಬ್ಬು ಒಣಗುವುದಿಲ್ಲ, ಕಮಟುತ್ತದೆ. ಹೋಳಿನ ಮೇಲೆ ಎಣ್ಣೆ ಕಂಡರೆ ಕಾಗದದಲ್ಲಿ ಒತ್ತಿ ತೆಗೆಯಿರಿ. ಮಟನ್ ಕಲೇಜಿಯನ್ನೂ ಹೀಗೇ ಬೇಯಿಸಿ ಒಣಗಿಸಬಹುದು, ಆದರೆ ವಿಟಮಿನ್ ಎ ಹೆಚ್ಚಿರುವುದರಿಂದ ಬೆರಳುಗುರಿನಷ್ಟು ಚೂರು ಮಾತ್ರ, ಅದೂ ದಿನಾ ಅಲ್ಲ.

ನಡುವೆ ಕರೆಂಟ್ ಹೋದರೆ ತರಕಾರಿಗೆ ದೊಡ್ಡ ನಷ್ಟವಿಲ್ಲ, ಮುಚ್ಚಳ ತೆಗೆಯದೆ ಕಾಯಿರಿ. ಅರ್ಧ ಒಣಗಿದ ಮಾಂಸವನ್ನು ಈ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹಾಗೇ ಬಿಡಬಾರದು, ಎತ್ತಿ ಫ್ರಿಜ್‌ಗಿಡಿ. ಮನೆಯ ಇನ್ವರ್ಟರ್ ಈ ಲೋಡ್ ಎಳೆಯುತ್ತದೆ, ಆದರೆ ಬ್ಯಾಟರಿ ರಾತ್ರಿಯಿಡೀ ಬರುವುದಿಲ್ಲ. ಒಂಬತ್ತು ಗಂಟೆ ಓಡಿದರೆ ಹೆಚ್ಚೆಂದರೆ ಎರಡೂಕಾಲು ಯೂನಿಟ್. ಗೃಹಜ್ಯೋತಿ ಇರುವ ಮನೆಯವರು 200 ಯೂನಿಟ್‌ನ ಅಂಚಿನಲ್ಲಿದ್ದರೆ ತಿಂಗಳ ಕೊನೆಯಲ್ಲಿ ಮೀಟರ್ ನೋಡಿ ಹಚ್ಚುವುದು ಒಳ್ಳೆಯದು. ಅದು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಒಣಗಿದ್ದನ್ನು ಪೂರ್ತಿ ಆರಿಸಿ ಗಾಜಿನ ಬಾಟಲಿಗೆ ತುಂಬಿ ಒಂದು ಗಂಟೆ ಬಿಟ್ಟು ನೋಡಿ. ಒಳಗೆ ಹನಿ ಕಟ್ಟಿದರೆ ಮತ್ತೆ ಎರಡು ಗಂಟೆ ಡ್ರೈಯರ್‌ಗೆ. ಗೆಣಸು ಮೂರ್ನಾಲ್ಕು ವಾರ ಹೊರಗೇ ಇರುತ್ತದೆ. ಕುಂಬಳದ ಚೌಕ, ಮಾಂಸ ಫ್ರಿಜ್‌ನಲ್ಲೇ ಇರಲಿ. ಹತ್ತು ಕೆ.ಜಿ. ತೂಕದ ನಾಯಿಗೆ ಎಲ್ಲ ಸೇರಿ ದಿನಕ್ಕೆ 15 ಗ್ರಾಂ ಸಾಕು. ಹೆಚ್ಚಾದರೆ ಅಷ್ಟು ಊಟ ಕಡಿಮೆ ಮಾಡಬೇಕು. ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವ ನಾಯಿಯಾದರೆ ಡಾಕ್ಟರನ್ನು ಕೇಳಿಯೇ ಕೊಡಿ.

ತೊಳೆಯುವುದು ಬೇಸರದ ಕೆಲಸ. ಮಾಂಸದ ಜಿಡ್ಡು ಜಾಳಿಗೆಯ ಸಂದಿಗೆ ಸೇರಿದರೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ಕುದಿಯುವ ನೀರು ಹಾಕಿದರೆ ತಟ್ಟೆ ಸೊಟ್ಟಗಾಗಿ ಒಂದರ ಮೇಲೊಂದು ಕೂರುವುದಿಲ್ಲ, ಆ ಸಂದಿನಿಂದ ಬಿಸಿಯೆಲ್ಲ ಸೋರುತ್ತದೆ. ಫ್ಯಾನಿನ ಮೇಲೆ ರಸ ತೊಟ್ಟಿಕ್ಕದಂತೆ ಮಾಂಸ ಇಡುವಾಗ ತಳದ ತಟ್ಟೆ ಖಾಲಿ ಬಿಡಿ. ವಾರಕ್ಕೆ ಎರಡು ಕೆ.ಜಿ.ಗಿಂತ ಹೆಚ್ಚು ಮಾಂಸ ಒಣಗಿಸುವವರು ಇದನ್ನು ಬಿಟ್ಟು, ಹತ್ತು ಸಾವಿರ ದಾಟಿದರೂ, ಹಿಂದೆ ಫ್ಯಾನಿರುವ ಸ್ಟೀಲ್ ಪೆಟ್ಟಿಗೆಯನ್ನೇ ನೋಡಲಿ. ಯಾವುದನ್ನೇ ಕೊಂಡರೂ ತಟ್ಟೆ ಬಿಡಿಯಾಗಿ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ, ಏಕೆಂದರೆ ಮೋಟರ್‌ಗಿಂತ ಮೊದಲು ಒಡೆಯುವುದು ತಟ್ಟೆಯ ಅಂಚು.